ಬ್ಯಾಟರಿ ಬತ್ತಳಿಕೆ: ಸ್ಪಂಜುಬಾಣದ ಶಾಸ್ತ್ರೀಯ ವಿವೇಚನೆ

ಪೀಠಿಕೆ

ಮೂವತ್ತೊಂದು ವರ್ಷ ಹಳಗನ್ನಡ ವ್ಯಾಕರಣ ಪಾಠ ಹೇಳಿ ನಿವೃತ್ತನಾದವನನ್ನು ಆರು ತಿಂಗಳ ಮಟ್ಟಿಗೆ ಅಮೆರಿಕದ ಮಗನ ಮನೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಬಂಧವೇ ಸಾಕ್ಷಿ. ಊರು ನ್ಯೂಜೆರ್ಸಿಯ ಎಡಿಸನ್. ವಿದ್ಯುದ್ದೀಪದ ಎಡಿಸನ್ನನ ಮೆನ್ಲೋ ಪಾರ್ಕ್ ಪ್ರಯೋಗಶಾಲೆ ಇದ್ದ ಜಾಗ. ದೀಪ ಹಚ್ಚಿದ ಮೇಲೆ ಆ ಮಹಾನುಭಾವ ಸುಮ್ಮನಿರದೆ ಬ್ಯಾಟರಿಯ ಬೆನ್ನು ಬಿದ್ದು, ವರ್ಷಗಟ್ಟಲೆ ಹೆಣಗಿ, ನಿಕ್ಕಲ್ಲು ಕಬ್ಬಿಣ ಕೂಡಿಸಿ ಒಂದು ಬ್ಯಾಟರಿಯನ್ನೂ ಮಾಡಿದ. ಅವನ ಹೆಸರಿನ ಊರಲ್ಲಿ ಉಂಡುಟ್ಟು ಕೂತು ಬ್ಯಾಟರಿ ಬಂದೂಕಿನ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಸ್ಥಳದೇವತೆ ಮುನಿದಾಳೆಂದು ಪ್ರಬಂಧಕಾರನ ಭಯ.

ಸಂಶೋಧನೆಗೆ ಒದಗಿದ ಸಾಮಗ್ರಿ: ಮೊಮ್ಮಗನ ಎಂಟನೇ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಬಂದೂಕು ಒಂದು, ಸ್ಪಂಜಿನ ಬಾಣ ಹದಿನೆಂಟು, ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲು ನಾಲ್ಕು. ಸಂಶೋಧನೆಯ ಕ್ಷೇತ್ರ: ಹಜಾರ, ವಿಶೇಷವಾಗಿ ಸೋಫಾದ ತಳಭಾಗ. ಉಪಕರಣ: ಪೊರಕೆಯ ಹಿಡಿ. ಎರಡು ತಿಂಗಳ ಕ್ಷೇತ್ರಕಾರ್ಯದಿಂದ ಸಿದ್ಧಿಸಿದ ಸೂತ್ರವನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಸಂಪ್ರದಾಯ.

ಸೂತ್ರ: ಬಿಟ್ಟವನು ಬೇರೆ, ಬಾಗಿದವನು ಬೇರೆ.

ವೃತ್ತಿ: ಬಾಣವನ್ನು ಬಿಡುವವನಿಗೆ ಎಂಟು ವರ್ಷ. ಅದನ್ನು ಬಾಗಿ ಹೆಕ್ಕುವವನಿಗೆ ಅರವತ್ತೆಂಟು. ಮಂಡಿನೋವು ಎರಡನೆಯವನಿಗೆ.

ಶಬ್ದವಿಚಾರ

ಅಂಗಡಿಯವರು ಇದನ್ನು ಬಂದೂಕು ಎನ್ನುವುದಿಲ್ಲ, ‘ಬ್ಲಾಸ್ಟರ್’ ಎನ್ನುತ್ತಾರೆ. ಗುಂಡಿಗೆ ‘ಡಾರ್ಟ್’ ಎನ್ನುತ್ತಾರೆ. ಕನ್ನಡಕ್ಕೊಂದು ಪದ ಬೇಕಲ್ಲವೇ? ಪ್ರಬಂಧಕಾರ ಎರಡು ರಾತ್ರಿ ನಿದ್ದೆಗೆಟ್ಟು ‘ವಿದ್ಯುತ್ಕೋಶಚಾಲಿತ ಮೃದುಶರಪ್ರಕ್ಷೇಪಕ’ ಎಂದು ಟಂಕಿಸಿದ. ಮೊಮ್ಮಗನೆದುರು ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಎದೆಗೆ ಆರು ಬಾಣ ಬಿದ್ದಿದ್ದವು. ಪದವನ್ನು ಆ ಕ್ಷಣವೇ ಹಿಂತೆಗೆದುಕೊಳ್ಳಲಾಯಿತು.

ಈ ಜಾತಿಯ ಆಟಿಕೆಗಳಲ್ಲೆಲ್ಲ ಪ್ರಖ್ಯಾತವಾದ ಹೆಸರು ‘ನರ್ಫ್’. ಇದರ ವ್ಯುತ್ಪತ್ತಿಯೂ ಸ್ವಾರಸ್ಯದ್ದೇ. ರೇಸಿನ ಕಾರನ್ನು ಹಿಂದಿನಿಂದ ನೂಕುವಾಗ ಪೆಟ್ಟಾಗದಿರಲೆಂದು ಕಟ್ಟುವ ‘ನರ್ಫ್ ಬಾರ್’ ಎಂಬ ಸರಳಿನಿಂದ ಬಂತೆಂಬುದು ಒಂದು ಮತ. ಅದಕ್ಕಿಂತ ದೊಡ್ಡ ಸಂಗತಿ ಮುಂದಿನದು. ಕಂಪ್ಯೂಟರ್ ಆಟಗಳಲ್ಲಿ ಬಲವಾದ ಆಯುಧವೊಂದರ ಶಕ್ತಿಯನ್ನು ಆಟ ರೂಪಿಸಿದವರೇ ಕುಗ್ಗಿಸಿದರೆ ಅದಕ್ಕೆ ‘ನರ್ಫ್ ಮಾಡುವುದು’ ಎನ್ನುತ್ತಾರೆ. ಕತ್ತಿ ಕೊಟ್ಟವರೇ ಅದನ್ನು ಸ್ಪಂಜು ಮಾಡಿದರು ಎಂದು ಭಾವ. ಅಂಕಿತನಾಮವೊಂದು ಕೆಲವೇ ದಶಕಗಳಲ್ಲಿ ಧಾತುವಾಗಿ ನಿಲ್ಲುವುದು ಯಾವ ವೈಯಾಕರಣನಿಗೂ ರೋಮಾಂಚನದ ವಿಷಯ.

ಪ್ರಯೋಗ: “ತಾತ, ಅಪ್ಪ ನನ್ನ ಐಪ್ಯಾಡ್ ಟೈಮ್ ನರ್ಫ್ ಮಾಡ್ಬಿಟ್ರು.”

ವಂಶಾವಳಿ

ಮೂಲಪುರುಷ ಮಿನ್ನೆಸೋಟದ ರೇನ್ ಗೈಯರ್. ಮೈಕೈ ಗಂಟುಹಾಕಿಕೊಂಡು ಬೀಳುವ ‘ಟ್ವಿಸ್ಟರ್’ ಆಟದ ಹಿಂದಿದ್ದವನೂ ಈತನೇ. ಗುಹಾಮಾನವರ ಆಟವೊಂದನ್ನು ಕಟ್ಟುವಾಗ ಸ್ಪಂಜಿನ ಕಲ್ಲುಗಳನ್ನು ಮಾಡಿಕೊಂಡಿದ್ದರು. ಆಟ ಹಾಳಾಗಿ ಹೋಗಲಿ, ಆ ಕಲ್ಲುಗಳನ್ನು ಒಬ್ಬರ ಮೇಲೊಬ್ಬರು ಎಸೆಯುವುದೇ ಹೆಚ್ಚು ಮಜವಾಗಿ ಕಂಡಿತು. ಕತ್ತರಿಯಿಂದ ಸವರಿ ಚೆಂಡು ಮಾಡಿದರು. 1970ರಲ್ಲಿ ಪಾರ್ಕರ್ ಬ್ರದರ್ಸ್ ಅದನ್ನು ಮನೆಯೊಳಗೇ ಎಸೆದಾಡಬಹುದಾದ ಚೆಂಡೆಂದು ಮಾರಾಟಕ್ಕಿಟ್ಟಿತು. ಕಿಟಕಿ ಒಡೆಯದು, ದೀಪ ಉರುಳದು ಎಂಬ ಅಭಯ ಕೇಳಿ ಮೊದಲ ವರ್ಷವೇ 40 ಲಕ್ಷ ಚೆಂಡು ಖರ್ಚಾದವು.

ಶಿಲಾಯುಗದ ಕಲ್ಲಿನಿಂದ ಶುರುವಾದ ವಂಶ ಆಮೇಲೆ ಮನುಷ್ಯಚರಿತ್ರೆಯನ್ನು ಅಕ್ಷರಶಃ ಪಾಲಿಸಿತು. 1989ರಲ್ಲಿ ಚೆಂಡು ಹಾರಿಸುವ ಕೊಳವೆ, 1991ರಲ್ಲಿ ಬಿಲ್ಲು, 1992ರಲ್ಲಿ ಡಾರ್ಟಿನ ಪಿಸ್ತೂಲು. ಮಾನವಕುಲ ಲಕ್ಷಾಂತರ ವರ್ಷ ತೆಗೆದುಕೊಂಡ ದಾರಿಯನ್ನು ಸ್ಪಂಜು ಇಪ್ಪತ್ತೆರಡು ವರ್ಷದಲ್ಲಿ ಮುಗಿಸಿತು, ಒಂದು ತೊಟ್ಟು ರಕ್ತವಿಲ್ಲದೆ.

ಬ್ಯಾಟರಿಯುಗದಲ್ಲಿ ನೆನೆಯಬೇಕಾದ ಮಹಾಕಾಯ 2008ರ ‘ವಲ್ಕನ್’. ಸರಪಟಾಕಿಯಂತೆ 25 ಬಾಣಗಳ ಪಟ್ಟಿ, ಮೂರು ಕಾಲಿನ ಪೀಠ, ಹೊಟ್ಟೆಯೊಳಗೆ ಟಾರ್ಚಿಗೆ ಹಾಕುವ ದಪ್ಪ ಸೆಲ್ಲು ಆರು. ಒಂದೊಂದೂ ಸುಮಾರು 140 ಗ್ರಾಂ ತೂಗುವುದರಿಂದ ಆರಕ್ಕೆ 840 ಗ್ರಾಂ. ಹಾರಬೇಕಾದ ಬಾಣದ ತೂಕವೋ, ಸುಮಾರು ಒಂದು ಗ್ರಾಂ. ಇಲಿಯ ಮೇಲೆ ಗಣಪತಿ ಕೂತದ್ದನ್ನು ನಾವು ಕಂಡಿದ್ದೇವೆ. ಗಣಪತಿಯ ಮೇಲೆ ಇಲಿ ಕೂತದ್ದು ಇಲ್ಲಿಯೇ. 2010ರಲ್ಲಿ ಬಂದ ‘ಬ್ಯಾರಿಕೇಡ್’ ಮೂರೇ ಸಣ್ಣ ಸೆಲ್ಲಿನಲ್ಲಿ ಕೆಲಸ ಸಾಗಿಸಿತು. ಅದರ ಗುಟ್ಟು ಮುಂದಿನ ಪ್ರಕರಣದಲ್ಲಿದೆ. 2023ರಲ್ಲಿ ನರ್ಫಿಗೆ ಅಮೆರಿಕದ ರಾಷ್ಟ್ರೀಯ ಆಟಿಕೆ ಕೀರ್ತಿಮಂದಿರದಲ್ಲಿ ಪೀಠವೂ ದೊರೆತು ವಂಶಾವಳಿ ಸಂಪೂರ್ಣವಾಯಿತು.

ಯಂತ್ರಪ್ರಕರಣ

ಬ್ಯಾರಿಕೇಡಿನ ಒಳಗೂ ಮೊಮ್ಮಗನ ಬಂದೂಕಿನ ಒಳಗೂ ಏನಿದೆ? ಕಬ್ಬಿನ ಗಾಣವಿದೆ.

ವಿವರಣೆ: ಎರಡು ಪುಟ್ಟ ಚಕ್ರಗಳು ಎದುರುಬದುರಾಗಿ, ಒಂದರ ವಿರುದ್ಧ ಒಂದು ಗಿರಗಿರ ತಿರುಗುತ್ತವೆ. ಪ್ರತಿಯೊಂದಕ್ಕೂ ಒಂದೊಂದು ಮೋಟಾರು. ನಡುವಿನ ಸಂದು ಬಾಣದ ದಪ್ಪಕ್ಕಿಂತ ಕಿರಿದು. ಬಾಣದ ತುದಿ ಸಂದಿಗೆ ತಾಕಿದ್ದೇ ತಡ, ಎರಡೂ ಚಕ್ರ ಕಚ್ಚಿ ಎಳೆದು ಆಚೆ ಉಗುಳುತ್ತವೆ. ಗಾಣಕ್ಕೆ ರಸ ಬೇಕು, ಸಿಪ್ಪೆ ಬೇಡ. ಇದಕ್ಕೆ ಸಿಪ್ಪೆಯೇ ಸರ್ವಸ್ವ. ಕ್ರಿಕೆಟ್ ಅಭ್ಯಾಸಕ್ಕೆ ಬಳಸುವ ಬೌಲಿಂಗ್ ಯಂತ್ರದ ತತ್ತ್ವವೂ ಇದೇ.

ಕುದುರೆಗಳು ಎರಡು. ಕೆಳಗಿನದನ್ನು ಒತ್ತಿದರೆ ಚಕ್ರಗಳು ‘ಗುಂಯ್’ ಎಂದು ವೇಗ ಪಡೆಯುತ್ತವೆ. ಮೇಲಿನದನ್ನು ಎಳೆದರೆ ಒಂದು ಕಡ್ಡಿ ಬಾಣವನ್ನು ಚಕ್ರದ ಬಾಯಿಗೆ ನೂಕುತ್ತದೆ. ಆತುರಪಟ್ಟು ಕೆಳಗಿನದನ್ನು ಬಿಟ್ಟು ಮೇಲಿನದನ್ನೇ ಎಳೆದವನ ಬಾಣ ನಿಂತ ಚಕ್ರದ ನಡುವೆ ಕಬ್ಬಿನ ಗಿಣ್ಣಿನಂತೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ನೀತಿಶಾಸ್ತ್ರದ ಅಂಶವೊಂದಿದೆ: ಗುಂಯ್ ಶಬ್ದವಾಗದೆ ಬಾಣ ಹೊರಡದು, ಆದ್ದರಿಂದ ಹೊಂಚುಹಾಕಿ ಹೊಡೆಯಲು ಸಾಧ್ಯವಿಲ್ಲ. ಶಂಖ ಊದಿ ಯುದ್ಧ ಆರಂಭಿಸುವ ಧರ್ಮವನ್ನು ಕಲಿಯುಗದಲ್ಲಿ ಉಳಿಸಿಕೊಂಡಿರುವ ಆಯುಧ ಇದೊಂದೇ.

ಬಲಾಬಲದ ಲೆಕ್ಕ: ಒಂದು ಗ್ರಾಮಿನ ಬಾಣ ಸೆಕೆಂಡಿಗೆ ಸುಮಾರು 21 ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿರುವ ಶಕ್ತಿ 0.22 ಜೂಲ್. ಲೋಕಭಾಷೆಯಲ್ಲಿ ಹೇಳುವುದಾದರೆ, ನೂರು ಗ್ರಾಮಿನ ಬಾಳೆಹಣ್ಣನ್ನು ಒಂದು ಗೇಣು ಮೇಲೆತ್ತುವಷ್ಟು. ಪೆಟ್ಟಿಗೆಯ ಮೇಲೆ 90 ಅಡಿ ಎಂದು ಬರೆದಿದೆ. ಹಜಾರದ ಉದ್ದ 22 ಅಡಿ. ಉಳಿದ 68 ಅಡಿಯನ್ನು ಶ್ರದ್ಧೆಯಿಂದ ಒಪ್ಪಬೇಕು. ಮೂತಿಗೆ ಬಳಿದ ಕಿತ್ತಳೆ ಬಣ್ಣವನ್ನು ಪ್ರಬಂಧಕಾರ ಮೊದಲು ಕಾವಿಯೆಂದೂ ವೈರಾಗ್ಯದ ಕುರುಹೆಂದೂ ಭ್ರಮಿಸಿದ್ದ. ಅದು ನಿಜವಾದ ಬಂದೂಕಿನಂತೆ ಕಾಣುವ ಆಟಿಕೆಗಳಿಗೆ ಗುರುತು ಬೇಕೆಂದ 1988ರ ಅಮೆರಿಕದ ಕಾನೂನಿನಿಂದ ಬಂದ ಸಂಪ್ರದಾಯವೆಂದು ಮಗ ತಿದ್ದಿದ.

ವರ್ಗನಿರ್ಣಯ

ಧನುರ್ವೇದ ಪರಂಪರೆ ಆಯುಧಗಳನ್ನು ಮುಕ್ತ, ಅಮುಕ್ತ, ಮುಕ್ತಾಮುಕ್ತ, ಯಂತ್ರಮುಕ್ತ ಎಂದು ವಿಂಗಡಿಸುತ್ತದೆ. ಕೈಯಿಂದ ಎಸೆಯುವ ಚಕ್ರ ಮುಕ್ತ. ಕೈಬಿಡದ ಕತ್ತಿ ಅಮುಕ್ತ. ಎಸೆಯಲೂಬಹುದಾದ, ಹಿಡಿದು ತಿವಿಯಲೂಬಹುದಾದ ಈಟಿ ಮುಕ್ತಾಮುಕ್ತ. ಯಂತ್ರದಿಂದ ಹೊರಡುವುದು ಯಂತ್ರಮುಕ್ತ.

ಪೂರ್ವಪಕ್ಷ: ಚಕ್ರವಿದೆ, ಮೋಟಾರಿದೆ, ಸ್ಪಂಜುಬಾಣ ಯಂತ್ರಮುಕ್ತವೇ ಸರಿ.

ಸಿದ್ಧಾಂತ: ಅಲ್ಲ. ಮುಕ್ತವಾದದ್ದು ಮುಕ್ತವಾಗಿಯೇ ಇರಬೇಕು. ಬಿಟ್ಟ ಬಾಣ ಮರಳಿ ಬತ್ತಳಿಕೆಗೆ ಬಂದು, ಅದೇ ದಿನ ಅದೇ ವ್ಯಕ್ತಿಯ ಬೆನ್ನಿಗೆ ಹನ್ನೆರಡು ಸಲ ಬೀಳುವುದು ಯಾವ ಮುಕ್ತಿ? ಇದು ಪುನರ್ಜನ್ಮ. ಹೀಗಾಗಿ ‘ಯಂತ್ರಮುಕ್ತ ವೃದ್ಧಸಂಗೃಹೀತ’ ಎಂಬ ಐದನೆಯ ವರ್ಗವನ್ನು ಪ್ರಬಂಧಕಾರ ಪ್ರತಿಪಾದಿಸುತ್ತಾನೆ. ಭಾರತಯುದ್ಧದ ಕೊನೆಯಲ್ಲಿ ಅಶ್ವತ್ಥಾಮನಿಗೆ ಅಸ್ತ್ರ ಬಿಡಲು ಬರುತ್ತಿತ್ತು, ಹಿಂತೆಗೆಯಲು ಬರುತ್ತಿರಲಿಲ್ಲ. ಎಂಟು ವರ್ಷದವರೆಲ್ಲರೂ ಅಶ್ವತ್ಥಾಮರೇ. ಉಪಸಂಹಾರವಿದ್ಯೆ ಇರುವುದು ಪೊರಕೆ ಹಿಡಿದ ತಾತಂದಿರಲ್ಲಿ.

ದೋಷಪ್ರಕರಣ

ಹಾಸ್ಯ ಬದಿಗಿರಲಿ. 2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು ಇಂಥ ಬಾಣ ಕಣ್ಣಿಗೆ ತಗುಲಿ ಒಳಗೆ ರಕ್ತಸ್ರಾವವಾದ ಮೂರು ಪ್ರಕರಣಗಳನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಬಾಳೆಹಣ್ಣನ್ನು ಗೇಣೆತ್ತರ ಎತ್ತುವ ಶಕ್ತಿ ಬೆನ್ನಿಗೆ ಏನೂ ಅಲ್ಲ, ಕಣ್ಣಿಗೆ ಬಹಳ. ಹೀಗಾಗಿ ಈ ಮನೆಯಲ್ಲಿ ಸೊಸೆಯ ಕಟ್ಟಪ್ಪಣೆ: ಕಣ್ಣಿಗೆ ಗಾಗಲ್ ಇಲ್ಲದೆ ಬಂದೂಕು ಮುಟ್ಟುವಂತಿಲ್ಲ. ಆ ಮೂವರಲ್ಲಿ ಮಗು ಒಂದೇ, ಉಳಿದಿಬ್ಬರು ದೊಡ್ಡವರು ಎಂಬ ಅಂಶವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

ಸೆಲ್ಲಿನ ಕಾಲನಿರ್ಣಯ

ಕನ್ನಡ ವಿದ್ವಾಂಸರಿಗೆ ಕಾಲನಿರ್ಣಯಕ್ಕಿಂತ ಪ್ರಿಯವಾದ ಜಗಳ ಇನ್ನೊಂದಿಲ್ಲ. ಇಲ್ಲಿಯೂ ಅದೇ ಸಮಸ್ಯೆ ತಲೆದೋರಿತು. ಮೊಮ್ಮಗ ಆಡುವುದು ಸಂಜೆ ಅರ್ಧ ಗಂಟೆ. ಆದರೂ ಸೆಲ್ಲುಗಳು ವಾರಕ್ಕೊಮ್ಮೆ ಸತ್ತುಹೋಗುತ್ತಿದ್ದವು. ಮೋಟಾರು ಹೊರಡುವಾಗ ಗಬಕ್ಕನೆ ಕರೆಂಟು ಎಳೆಯುತ್ತದೆ, ಸಣ್ಣ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ, ಚಕ್ರ ಮಂದವಾಗಿ ಬಾಣ ಕಾಲಬುಡದಲ್ಲೇ ಬೀಳುತ್ತದೆ. ಇದು ನಿಜ. ಆದರೆ ಅರ್ಧ ಗಂಟೆಯ ಆಟಕ್ಕೆ ಇಷ್ಟು ಬೇಗ ಕ್ಷಯವೇ? “ಬ್ಯಾಟರಿ ಯಾರು ಮುಗಿಸ್ತಿದಾರೆ?” ಎಂದು ಮಗ ಕೇಳಿದಾಗ, ಈ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದೆಯೆಂದು ಪ್ರಬಂಧಕಾರ ಉತ್ತರಿಸಿದ.

ಪ್ರಾಸಂಗಿಕವಾಗಿ ಇನ್ನೊಂದು ಸಂಗತಿ. ಮೋಟಾರಿಗೆ ಸಾಲದ ಸೆಲ್ಲು ಗೋಡೆ ಗಡಿಯಾರಕ್ಕೆ ಇನ್ನೂ ಎಷ್ಟೋ ತಿಂಗಳು ಸಾಲುತ್ತದೆ. ಅದು ಕುಡಿಯುವುದು ಪಂಚಪಾತ್ರೆಯ ಉದ್ಧರಣೆಯಷ್ಟು. ಗಡಿಯಾರದ ಗಟ್ಟಿ ಸೆಲ್ಲನ್ನು ಬಂದೂಕಿಗೂ ಬಂದೂಕಿನ ಸೋತ ಸೆಲ್ಲನ್ನು ಗಡಿಯಾರಕ್ಕೂ ಬದಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ಲಸ್ಸು ಮೈನಸ್ಸು ತಿರುಗುಮುರುಗಾಗಬಾರದು, ಅಷ್ಟೇ.

ಗಡಿಯಾರ ಹನ್ನೊಂದೂ ಇಪ್ಪತ್ತಕ್ಕೆ ನಿಂತಿತ್ತು.

ಸಂಜೆ ಮೊಮ್ಮಗ ಬಾಣ ಎಣಿಸಿದ. ಹದಿನೇಳು. ಸೋಫಾದ ಅಡಿ, ಟಿವಿಯ ಹಿಂದೆ, ಶೂ ರ‍್ಯಾಕಿನ ಸಂದಿ, ಎಲ್ಲ ಕಡೆ ಪೊರಕೆಯ ಹಿಡಿ ಓಡಾಡಿತು. ಸಿಗಲಿಲ್ಲ. ಬಿದ್ದದ್ದು ಕೆಳಗೇ ಇರುತ್ತದೆಂಬ ಸಿದ್ಧಾಂತಕ್ಕೆ ಜೋತುಬಿದ್ದು ಪ್ರಬಂಧಕಾರ ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ದೀಪ ಹಚ್ಚಲು ಹೋದ ಧರ್ಮಪತ್ನಿ ದೇವರ ಗೂಡಿನಿಂದ ಹದಿನೆಂಟನೆಯದನ್ನು ಎರಡು ಬೆರಳಲ್ಲಿ ಹಿಡಿದು ತಂದರು.

“ಗಣಪತಿ ಹಿಂದೆ ಇತ್ತು. ಗಡಿಯಾರ ಹನ್ನೊಂದೂ ಇಪ್ಪತ್ತಕ್ಕೆ ನಿಂತಿದೆ. ಆ ಹೊತ್ತಲ್ಲಿ ಮಗು ಸ್ಕೂಲಲ್ಲಿತ್ತು, ಅವರಿಬ್ಬರೂ ಆಫೀಸಲ್ಲಿದ್ರು, ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ. ಇನ್ಯಾರಿದ್ರು ಮನೇಲಿ, ನೀವೇ ಹೇಳಿ.”

ಕಾಲನಿರ್ಣಯವೂ ಕರ್ತೃನಿರ್ಣಯವೂ ಒಂದೇ ಉಸಿರಿನಲ್ಲಿ ಮುಗಿದಿದ್ದು ಕನ್ನಡ ಸಂಶೋಧನೆಯ ಚರಿತ್ರೆಯಲ್ಲಿ ಇದೇ ಮೊದಲಿರಬೇಕು.

ಫಲಶ್ರುತಿ

ಮಗ ನಕ್ಕ. ಸೊಸೆ ಸೆರಗಿಲ್ಲದ್ದರಿಂದ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೊಮ್ಮಗ ಮಾತ್ರ ಹತ್ತಿರ ಬಂದು ಗಂಭೀರವಾಗಿ ಕೇಳಿದ: “ಗಾಗಲ್ ಹಾಕ್ಕೊಂಡಿದ್ದೆ ತಾನೆ ತಾತ?”

ಪ್ರಬಂಧಕಾರ ತಲೆಯಾಡಿಸಿದ. ಇಲ್ಲವೆಂದೋ ಹೌದೆಂದೋ ತಿಳಿಯದ ಹಾಗೆ ಆಡಿಸುವ ವಿದ್ಯೆ ನಮ್ಮ ಕಡೆಯವರಿಗೆ ಸಿದ್ಧಿಸಿದೆ. ಹುಡುಗ ಒಳಗೆ ಓಡಿ ತನ್ನ ಗಾಗಲ್ ತಂದು ತಾತನ ಕನ್ನಡಕದ ಮೇಲೆ ಸಿಕ್ಕಿಸಿದ. ಹೊಸ ಸೆಲ್ಲು ತುಂಬಿಸಿ ಬಂದೂಕನ್ನು ಕೈಗೆ ಕೊಟ್ಟ. ಆಮೇಲೆ ಸೋಫಾದ ಮುಂದೆ ಹೊಟ್ಟೆ ಅಡಿಯಾಗಿ ಮಲಗಿಕೊಂಡ.

“ನೀನು ಹೊಡಿ ತಾತ. ನಾನು ಹೆಕ್ಕಿಕೊಡ್ತೀನಿ.”

ಗುಂಯ್ ಎಂದಿತು. ಬಾಣ ಹಾರಿ, ಗೋಡೆಗೆ ಬಡಿದು, ಸೋಫಾದ ಕೆಳಗೆ ಉರುಳಿತು. ಒಂದು ಪುಟ್ಟ ಕೈ ಅದರ ಹಿಂದೆಯೇ ಹೋಯಿತು.

ಸೂತ್ರಕ್ಕೆ ಯಾವ ಬಾಧೆಯೂ ಇಲ್ಲ. ಬಿಟ್ಟವನು ಬೇರೆ, ಬಾಗಿದವನು ಬೇರೆ.