ಆಲೂಗಡ್ಡೆ ಸುಡುವ ಗೃಹಸ್ಥರು

ವೈಟ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟುಗಳ ಮಾಡ್ಯುಲರ್ ಕಿಚನ್ನಿನಲ್ಲಿ ಗೋಡೆಗೆ ಹುದುಗಿಸಿದ ಓವನ್ ಒಂದಿರುತ್ತದೆ. ಅದರೊಳಗೆ ಸಾಮಾನ್ಯವಾಗಿ ಬಾಣಲೆ, ದೋಸೆ ಕಾವಲಿ ಮತ್ತು ಕಳೆದ ದೀಪಾವಳಿಗೆ ಆಫೀಸಿನವರು ಕೊಟ್ಟ ಡ್ರೈಫ್ರೂಟ್ ಡಬ್ಬಿ ವಾಸವಾಗಿರುತ್ತವೆ. ಆದರೆ ಪ್ರತಿ ಬ್ಲಾಕಿನಲ್ಲೂ ಒಬ್ಬರಾದರೂ ಗೃಹಸ್ಥರು ಭಾನುವಾರ ಬೆಳಿಗ್ಗೆ ಇವನ್ನೆಲ್ಲ ಒಕ್ಕಲೆಬ್ಬಿಸಿ, ಬರ್ಮುಡಾದ ಮೇಲೆ ಏಪ್ರನ್ ಕಟ್ಟಿ, "ಇವತ್ತು ಅಡುಗೆ ನಂದು" ಎಂದು ಸಾರುತ್ತಾರೆ. ಅಡುಗೆ ಎಂದರೆ ಬೇಕ್ಡ್ ಪೊಟ್ಯಾಟೊ. ಅದನ್ನು ಕೇಳಿದ ಕೂಡಲೇ ಮನೆಯಾಕೆ ಸದ್ದಿಲ್ಲದೆ ಕುಕ್ಕರಿಗೆ ಅಕ್ಕಿ ತೊಳೆದಿಡುತ್ತಾರೆ.

ಈ ಭಕ್ತಿಯ ಮೂಲ ಆನ್‌ಸೈಟ್. ಡಲ್ಲಾಸಿನ ಕ್ಲೈಂಟು ಟೀಮ್ ಡಿನ್ನರಿಗೆಂದು ಸ್ಟೇಕ್‌ಹೌಸಿಗೆ ಕರೆದೊಯ್ದ ರಾತ್ರಿ, ಅಷ್ಟುದ್ದದ ಮೆನುವಿನಲ್ಲಿ ನಮ್ಮ ಸಸ್ಯಾಹಾರಿ ತಿನ್ನಬಹುದಾದದ್ದು ಒಂದೇ ಇತ್ತು. ಅಂಗೈ ಮೀರಿದ ರಸೆಟ್ ಗಡ್ಡೆ, ನಡುವೆ ಸೀಳಿ ಬೆಣ್ಣೆ, ಹುಳಿ ಕೆನೆ, ಹಸಿರು ಸೊಪ್ಪು. ಮೇಲೆ ಉದುರಿಸಿದ್ದ ಕೆಂಪು ಚೂರುಗಳು ಏನೆಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ರುಚಿ ಇವತ್ತಿಗೂ ಬರುತ್ತಿಲ್ಲವಲ್ಲ ಎಂದು ಇವರು ಕೊರಗುವಾಗಲೆಲ್ಲ ನನಗೆ ಆ ಚೂರುಗಳ ಮೇಲೇ ಅನುಮಾನ.

ಹುಟ್ಟಿದ್ದು ಹಾಸನ ಜಿಲ್ಲೆಯಲ್ಲಿ. ಜಲಂಧರದ ಬಿತ್ತನೆ ಗಡ್ಡೆ ಲಾರಿಗಳಲ್ಲಿ ಎಪಿಎಂಸಿಗೆ ಬಂದಿಳಿಯುವುದು, ಮುಂಗಾರಿಗೆ ನೆಟ್ಟದ್ದು ಅಂಗಮಾರಿ ರೋಗದಿಂದ ಪಾರಾದರೆ ದುಡ್ಡು, ಇಲ್ಲದಿದ್ದರೆ ಸಾಲ ಎನ್ನುವುದೆಲ್ಲ ಬಾಲ್ಯದಲ್ಲೇ ಕಂಡದ್ದು. ಆ ಗಡ್ಡೆ ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ತಳಿ, ಇವರ ಎಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ. ಈಗ ಮಾತ್ರ, "ಜ್ಯೋತಿ ಪಲ್ಯಕ್ಕೆ ಸರಿ, ಬೇಕಿಂಗಿಗೆ ಸ್ಟಾರ್ಚ್ ಸಾಲದು" ಎನ್ನುತ್ತಾರೆ.

ಹಿಟ್ಟು ಹೆಚ್ಚಿರುವ ಗಡ್ಡೆಯನ್ನು ಪತ್ತೆಹಚ್ಚುವ ವಿದ್ಯೆಯೊಂದು ಇವರ ಬಳಿ ಇದೆ. ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕದಡಿ ಗಡ್ಡೆಗಳನ್ನು ಬಿಡಬೇಕು. ಮುಳುಗಿದ್ದು ಓವನ್ನಿಗೆ, ತೇಲಿದ್ದು ಸಾಂಬಾರಿಗೆ. ಮಾತು ನಿಜವೇ, ಒಣ ಅಂಶ ಹೆಚ್ಚಿದ್ದ ಗಡ್ಡೆ ಭಾರ. ಆದರೆ ಸ್ನಾನದ ಬಕೆಟ್ಟಿನಲ್ಲಿ ಆಲೂಗಡ್ಡೆ ತೇಲುವುದನ್ನು ಕಂಡ ತಾಯಿ, "ಇದೇನ್ ಮಗ, ಉಪ್ಪಿನಕಾಯಿ ಹಾಕ್ತಿದ್ದೀಯಾ?" ಎಂದು ಕೇಳುತ್ತಾರೆ. ಬಚ್ಚಲೊಲೆಯ ಕೆಂಡ ಜರುಗಿಸಿ ಬಿಸಿ ಬೂದಿಯಲ್ಲಿ ಗೆಣಸು, ಆಲೂಗಡ್ಡೆ ಹೂತಿಟ್ಟು ಮಕ್ಕಳಿಗೆ ಕೊಟ್ಟವರು ಅವರು. ಆಗ ಯಾವ ಗಡ್ಡೆಯ ಈಜನ್ನೂ ಅವರು ಪರೀಕ್ಷಿಸಿರಲಿಲ್ಲ.

ಹಾಗೆ ನೋಡಿದರೆ ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕೆ. 1882ರಲ್ಲಿ ಮೈಸೂರಿನ ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರು ಉತ್ತು ಬಿತ್ತಿ ಬದುಕಲೆಂದು ಮಾಡಿದ ಊರು. ಈಗ ಅಲ್ಲಿ ಮಣ್ಣು ಕಾಣುವುದು ಆಪ್‌ನಲ್ಲಿ ತರಿಸಿದ ಆಲೂಗಡ್ಡೆಯ ಮೇಲೆ ಮಾತ್ರ. ಅದನ್ನೂ ಇವರು ಬ್ರಷ್ ಹಾಕಿ ಉಜ್ಜುತ್ತಾರೆ.

ಮುಂದಿನದರಲ್ಲಿ ತಪ್ಪು ಹುಡುಕುವುದು ಕಷ್ಟ. ಫೋರ್ಕಿನಿಂದ ಚುಚ್ಚಿ, ಚೆನ್ನಾಗಿ ಒರೆಸಿ, ಫಾಯಿಲ್ ಸುತ್ತದೆ, ನಡುವಿನ ಕಂಬಿಯ ಮೇಲೆ ನೇರವಾಗಿ 220 ಡಿಗ್ರಿಯಲ್ಲಿ ಇಡುತ್ತಾರೆ. "ಫಾಯಿಲ್ ಸುತ್ತಿದರೆ ಹಬೆ ಒಳಗೇ ಉಳಿದು ಸಿಪ್ಪೆ ಮೆತ್ತಗಾಗುತ್ತೆ, ಅದು ಬೇಕಿಂಗ್ ಅಲ್ಲ, ಇಡ್ಲಿ" ಎಂದು ಲಿಫ್ಟಿನಲ್ಲಿ ನನಗೆ ಪಾಠ ಹೇಳಿದ್ದಾರೆ. ನಾನು ಹೋಗುತ್ತಿದ್ದದ್ದು ಕಸ ಹಾಕಲು.

ಕಂಟಕವೆಲ್ಲ ಥರ್ಮಾಮೀಟರಿನದು. ಅಮೆರಿಕದ ಪುಸ್ತಕದ ಪ್ರಕಾರ ಗಡ್ಡೆಯ ನಡುಭಾಗ 210 ಫ್ಯಾರನ್‌ಹೀಟ್, ಅಂದರೆ 99 ಸೆಲ್ಸಿಯಸ್ ಮುಟ್ಟಬೇಕು. ಇವರು ಸೂಜಿ ಚುಚ್ಚಿಟ್ಟು ಓವನ್ನಿನ ಗಾಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಒಂದು ಗಂಟೆಗೆ 97. ಒಂದೂವರೆ ಗಂಟೆಗೆ 97. ನಡುವೆ ಕರೆಂಟು ಹೋಗಿ ಜನರೇಟರ್ ಬಂದು, ಆ ಬ್ಯಾಕಪ್ ಓವನ್ನಿನ ಭಾರ ಹೊರಲಾರದೆ ಟ್ರಿಪ್ ಆಗಿ, ಮತ್ತೆ ಶುರುವಾಗಿ, ಮತ್ತೆ 97. "ರೀ, ಮಕ್ಕಳಿಗೆ ಹಸಿವು" ಎಂದರೆ "ಇನ್ನೆರಡೇ ಡಿಗ್ರಿ" ಎಂಬ ಉತ್ತರ. ಕೊನೆಗೆ ಹೊರಬರುವ ಗಡ್ಡೆಯ ಸಿಪ್ಪೆ ಚಪ್ಪಲಿಯ ಅಟ್ಟೆಯಂತಿರುತ್ತದೆ. ಅಷ್ಟು ಹೊತ್ತಿಗೆ ಮನೆಯವರದು ಅನ್ನ-ಸಾರು ಮುಗಿದು ಮಜ್ಜಿಗೆಯೂ ಆಗಿರುತ್ತದೆ.

ಈ ಎರಡು ಡಿಗ್ರಿಯ ಗಂಟನ್ನು ಬಿಡಿಸಿದ್ದು ಭಾಮೈದ. ಪೀಣ್ಯ ಎರಡನೇ ಹಂತದ ಹೀಟ್ ಟ್ರೀಟ್‌ಮೆಂಟ್ ಶಾಪೊಂದರಲ್ಲಿ ಸೂಪರ್‌ವೈಸರ್. ಗೇರು, ಶಾಫ್ಟುಗಳನ್ನು ಕಾಯಿಸಿ ಎಣ್ಣೆಗೆ ಅದ್ದುವುದು ಅವನ ಕಸುಬು. ಹಬ್ಬಕ್ಕೆ ಬಂದವನು ಭಾವನ ತಪಸ್ಸನ್ನು ಸ್ವಲ್ಪ ಹೊತ್ತು ನೋಡಿ, "ಎಷ್ಟಿಂಚು ದಪ್ಪ ಭಾವ?" ಎಂದ.

"ಎರಡು."

"ಉಕ್ಕಾದ್ರೆ ಇಂಚಿಗೊಂದು ಗಂಟೆ ಸೋಕಿಂಗ್. ಗಡ್ಡೆಗೆ ಅದರರ್ಧ ಸಾಕು. ಒಂದು ಗಂಟೆಗೇ ಆಗೋಗಿದೆ, ತೆಗೀರಿ."

"99 ಬಂದಿಲ್ವಲ್ಲೋ!"

"ಬರಲ್ಲ. ಒಳಗೆ ನೀರಿರೋ ತನಕ ನೀರು ಕುದಿಯೋ ಡಿಗ್ರಿ ದಾಟಲ್ಲ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತೆ. ಡಲ್ಲಾಸ್ ತಗ್ಗಲ್ಲಿರಬೇಕು, ನೋಡ್ಕೊಳ್ಳಿ."

ಇವರು ಫೋನ್ ತೆಗೆದು ನೋಡಿದರು. ಡಲ್ಲಾಸ್ ತಗ್ಗಿನಲ್ಲೇ ಇತ್ತು. ಅಂದು ಗಡ್ಡೆಯನ್ನು ಹೊತ್ತಿಗೆ ಸರಿಯಾಗಿ ತೆಗೆದು, ತಕ್ಷಣ ಸೀಳಿ, ಹಬೆ ಬಿಟ್ಟು, ಬೆಣ್ಣೆ ಹಾಕಿ ತಿಂದರಂತೆ. ಹಿಟ್ಟು ಹಿಟ್ಟಾಗಿ ಉದುರಿತಂತೆ. ತಾಯಿಯೂ ಒಂದು ತುಂಡು ತಿಂದು, ಬೂದಿ ಒಂದು ಕಡಿಮೆ ಎಂದರಂತೆ.

ಭಾಮೈದ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮನೆಯ ಓವನ್ನಿನ ಶಾಖ ಹತ್ತಿಪ್ಪತ್ತು ಡಿಗ್ರಿ ಮೇಲೆ ಕೆಳಗೆ ತೂಗಾಡುತ್ತದೆ, ನಮ್ಮ ಫರ್ನೇಸು ಹಾಗಲ್ಲ ಎಂದು ಬಾಯಿತಪ್ಪಿ ಹೇಳಿದ. ಮರುವಾರವೇ ಇವರು ನೇರಳೆ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ, ಅಲ್ಲಿಂದ ಹಸಿರು ಮೆಟ್ರೋದಲ್ಲಿ ಪೀಣ್ಯಕ್ಕೆ ಹೋಗಿ ಇಳಿದರು. 850 ಡಿಗ್ರಿಯ ಕುಲುಮೆಯ ಮುಂದೆ ಇವರು ನಿಲ್ಲಲೇ ಇಲ್ಲ. ಪಕ್ಕದ ಟೆಂಪರಿಂಗ್ ಫರ್ನೇಸಿನ ಕಂಟ್ರೋಲರಿನಲ್ಲಿ 200 ಎಂಬ ಅಂಕಿ ಅಲುಗಾಡದೆ ನಿಂತಿದ್ದನ್ನು ಕಣ್ತುಂಬ ನೋಡಿದರು. ಆಮೇಲೆ ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ ಎಳೆದರು. ಒಳಗೆ ಉಪ್ಪುನೀರಲ್ಲಿ ಮುಳುಗಿ ಪಾಸಾದ, ತೊಳೆದ, ಚುಚ್ಚಿದ ನಾಲ್ಕು ಗಡ್ಡೆಗಳು.

"ಭಾವ, ಇದು ಪಾರ್ಟಿ ಮಾಲಿನ ಫರ್ನೇಸು. ಗೇರಿನ ಎಣ್ಣೆ ವಾಸನೆ ಹಿಡಿಯುತ್ತೆ."

"ಒಂದೇ ಗಂಟೆ ಕಣೋ."

ಭಾಮೈದ ಮಾಲೀಕರ ಕ್ಯಾಬಿನ್ನಿನ ಕಡೆ ಒಮ್ಮೆ, ಭಾವನ ಮುಖ ಒಮ್ಮೆ ನೋಡಿ ದನಿ ತಗ್ಗಿಸಿದ: "ಸಾಹೇಬ್ರು ಬರೋ ವಾರ ತಿರುಪತಿಗೆ ಹೋಗ್ತಾರೆ. ಆಗ ತನ್ನಿ. ಬೆಣ್ಣೆ ಮರೀಬೇಡಿ."