ಪದಾತಿಯ ಪಟ್ಟಾಭಿಷೇಕ

ಚದುರಂಗವನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳುಂಟು. ಎದುರಾಳಿಯನ್ನು ಕೂರಿಸಿಕೊಂಡು, ಮೂವತ್ತೆರಡು ಕಾಯಿಗಳನ್ನೂ ಹೂಡಿ, ಗೆದ್ದರೆ ಹಿಗ್ಗುವ, ಸೋತರೆ ರಾತ್ರಿಯ ಊಟ ಬಿಡುವ ಶೂರರದು ಮೊದಲನೆಯದು; ಯುದ್ಧವೆಲ್ಲ ಮುಗಿದು, ಆನೆ ಕುದುರೆ ಒಂಟೆಗಳು ಪೆಟ್ಟಿಗೆ ಸೇರಿದ ಮೇಲೆ, ಮಿಕ್ಕ ಮೂರು ನಾಲ್ಕು ಕಾಯಿಗಳನ್ನು ಮುಂದಿಟ್ಟುಕೊಂಡು, ‘ಬಿಳಿಯ ನಡೆ; ಆಟ ಸಮವಾಗಬೇಕು’ ಎಂಬ ಒಂದು ಸಾಲಿನ ಆಜ್ಞೆಯನ್ನು ಶಿರಸಾ ವಹಿಸಿ ಏಕಾಂತದಲ್ಲಿ ಕೂರುವ ಸಾಧಕರದು ಎರಡನೆಯದು. ನಾನು ಎರಡನೆಯ ಪಂಗಡದವನು. “ಯಾರ ಸಂಗಡ ಆಡ್ತಿದ್ದೀರಿ?” ಎಂದು ಮನೆಯಾಕೆ ಒಮ್ಮೆ ಕೇಳಿದಳು. “ಯಾರೂ ಇಲ್ಲ” ಎಂದೆ. “ಮತ್ತೆ ಸೋತವರ ಹಾಗೆ ಕೂತಿದ್ದೀರಲ್ಲ!” ಎಂದಳು. ಇದಕ್ಕೆ ಮರುನಡೆ ಯಾವ ಗ್ರಂಥದಲ್ಲಿಯೂ ಇಲ್ಲ.

ಈ ಸಮಸ್ಯೆಗಳಲ್ಲಿ ನನಗೆ ಪರಮಪ್ರಿಯವಾದುವು ದಾರಿ ತೆರವಾದ ಪದಾತಿಯವು. ತನ್ನ ಸಾಲಿನಲ್ಲಾಗಲಿ, ಎಡಬಲದ ಸಾಲುಗಳಲ್ಲಾಗಲಿ ತಡೆಯಬಲ್ಲ ವೈರಿ ಪದಾತಿ ಮುಂದೆ ಉಳಿದಿಲ್ಲವೆಂದಾದೊಡನೆ, ಅದುವರೆಗೆ ಬಲಿಗೆಂದೇ ಹುಟ್ಟಿದಂತಿದ್ದ ಆ ಬಡಪ್ರಾಣಿಯ ಗತ್ತೇ ಬೇರೆಯಾಗುತ್ತದೆ. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಕುದುರೆಯ ಸಾಲಿನ ಕೊನೆ ಮುಟ್ಟಿದ ಪದಾತಿ ಕುದುರೆಯೇ ಆಗಬೇಕಾಗಿತ್ತು, ಆನೆಯ ಸಾಲಿನದು ಆನೆಯೇ. ಬಡ್ತಿಗೂ ಕುಲದ ಕಟ್ಟಳೆಯಿತ್ತು. ಪಾಶ್ಚಾತ್ಯ ಪದ್ಧತಿಯಲ್ಲಾದರೋ ಯಾವ ಸಾಲಿನವನಿಗೂ ಮಂತ್ರಿಪದವಿ ಸುಲಭ. ಅತ್ತ ರಾಜನೋ, ಸೈನ್ಯವಿರುವವರೆಗೆ ಮೂಲೆಯ ಕೋಟೆಯಲ್ಲಿ ಅಡಗಿದ್ದು, ಕಾಯುವವರೆಲ್ಲ ಅಳಿದ ಮೇಲೆ ಪೌರುಷ ತಾಳಿ ಬಯಲಿಗೆ ಬರುತ್ತಾನೆ.

1921ರಲ್ಲಿ ರಿಚರ್ಡ್ ರೇಟಿ ರಚಿಸಿದ ಸಮಸ್ಯೆಯನ್ನು ನೋಡಿರಿ. ಎಂಟು ವರ್ಷ ಸೋಲನ್ನೇ ಕಾಣದಿದ್ದ ಕಾಪಾಬ್ಲಾಂಕನನ್ನು 1924ರಲ್ಲಿ ನ್ಯೂಯಾರ್ಕಿನಲ್ಲಿ ಮಣಿಸಿದ ರೇಟಿಯೇ ಈತ. ಬಿಳಿಯ ರಾಜ ಬಲತುದಿಯ ಸಾಲಿನ ಎಂಟನೆಯ ಮನೆಯಲ್ಲಿ. ಅದೇ ಸಾಲಿನ ಐದನೆಯ ಮನೆಯಿಂದ ಕರಿಯ ಪದಾತಿ ಕೆಳಗೆ ಓಡಲು ಸಿದ್ಧ. ಬಿಳಿಯ ಪದಾತಿ ಎಡದಿಂದ ಮೂರನೆಯ ಸಾಲಿನ ಆರನೆಯ ಮನೆಯಲ್ಲಿ. ಅದನ್ನು ನುಂಗಲು ಎಡತುದಿಯ ಸಾಲಿನ ಆರನೆಯ ಮನೆಯಲ್ಲಿ ಕರಿಯ ರಾಜ. ಓಡುವವನನ್ನು ಬೆನ್ನಟ್ಟಿದರೆ ಸಿಕ್ಕುವುದಿಲ್ಲ. ತನ್ನವನ ನೆರವಿಗೆ ಧಾವಿಸಿದರೆ ಹೊತ್ತು ಮೀರಿರುತ್ತದೆ. ಎರಡರಲ್ಲಿ ಒಂದೂ ಸಾಧ್ಯವಿಲ್ಲದ ಈ ರಾಜನಿಗೆ, ಎರಡನ್ನೂ ಒಟ್ಟಿಗೆ ಮಾಡಹೊರಟರೆ ಮಾತ್ರ ಉಳಿವು! ಆತ ಮೂಲೆಯಿಂದ ಓರೆಯಾಗಿ ಮೂರು ಹೆಜ್ಜೆ ಇಳಿದು ಮಣೆಯ ನಟ್ಟನಡುವೆ ನಿಲ್ಲುತ್ತಾನೆ. ಕರಿಯ ರಾಜ ಬಿಳಿಯ ಪದಾತಿಯನ್ನು ಕೊಂದರೆ ಇತ್ತ ಓಡುವವನು ಸಿಕ್ಕಿಬೀಳುತ್ತಾನೆ. ಕೊಲ್ಲದೆ ತನ್ನ ಪದಾತಿಯನ್ನು ಓಡಿಸಿದರೆ ಅತ್ತ ಬಿಳಿಯ ಪದಾತಿಗೂ ಪಟ್ಟವಾಗಿ ಆಟ ಸಮವಾಗುತ್ತದೆ. ಸಂತೆಗೆಂದು ಹೊರಟವನು ದಾರಿಯಲ್ಲೇ ಹಳೆಯ ಬಾಕಿಯನ್ನೂ ವಸೂಲು ಮಾಡಿಕೊಂಡಂತೆ. ತ್ರಿಕೋನದ ಎರಡು ಭುಜಗಳು ಕೂಡಿದರೆ ಮೂರನೆಯದಕ್ಕಿಂತ ಉದ್ದವೆಂದು ಯೂಕ್ಲಿಡ್ ಸಾರಿದ್ದಾನೆ. ಆದರೆ ಮೂಲೆಯಿಂದ ಅದೇ ಸಾಲಿನ ಎರಡನೆಯ ಮನೆಗೆ ನೇರವಾಗಿ ನಡೆದರೂ ಆರು ಹೆಜ್ಜೆ, ನಡುಮಣೆಯನ್ನು ಬಳಸಿ ಬಂದರೂ ಆರೇ. ರಾಜರು ಶಾಸ್ತ್ರಕ್ಕೆ ಅತೀತರೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇದಕ್ಕಿಂತ ಹಳೆಯದೊಂದುಂಟು. 1895ರಲ್ಲಿ ಗ್ಲಾಸ್ಗೋದ ವಾರಪತ್ರಿಕೆಯೊಂದರಲ್ಲಿ ಬಾರ್ಬಿಯೆ ಎಂಬಾತ, ಬಿಳಿಯ ಪದಾತಿಗೆ ಎದುರಾಗಿ ಕರಿಯ ಆನೆಯಿರುವ ಸ್ಥಿತಿಯನ್ನು ಕೊಟ್ಟು, ಆಟ ಸಮವೆಂದು ತೀರ್ಪಿತ್ತ. ಪದಾತಿ ಮಂತ್ರಿಯಾದರೆ ಆನೆ ತಾನೇ ಬಲಿಗೆ ಬರುತ್ತದೆ, ಅದನ್ನು ಕೊಂದೊಡನೆ ಕರಿಯ ರಾಜನಿಗೆ, ಷಹ ಇಲ್ಲದಿದ್ದರೂ, ಕಾಲಿಡಲು ಮನೆಯೇ ಇರುವುದಿಲ್ಲ, ಆಟ ಸಮ. ಆ ಊರಿನಲ್ಲಿದ್ದ ಸಾವೆದ್ರಾ ಎಂಬ ಸ್ಪೇನ್ ದೇಶದ ಪಾದ್ರಿ ಮಾತ್ರ, ಪದಾತಿ ಮಂತ್ರಿಯಾಗದೆ ಆನೆಯಾದರೆ ಬಿಳಿಗೆ ಗೆಲುವೆಂದು ತೋರಿಸಿಕೊಟ್ಟ. ದೊಡ್ಡ ಪಂದ್ಯಗಳಲ್ಲಿ ಗೆದ್ದವನಲ್ಲದ ಆತನ ಹೆಸರು ಈ ಒಂದೇ ನಡೆಯಿಂದ ಇಂದಿಗೂ ನಿಂತಿದೆ. ಕೈಗೆ ಬಂದ ಮಂತ್ರಿಪದವಿಯನ್ನು ಬೇಡವೆನ್ನುವ ಬುದ್ಧಿ ಸಂನ್ಯಾಸಿಗಲ್ಲದೆ ಸಂಸಾರಿಗೆ ಹೊಳೆಯುವುದು ಕಷ್ಟವೆಂದು ನನ್ನ ಮತ.

ವಾಚಕ ಮಹಾಶಯರೇ, ಮನೆಯಲ್ಲಿ ಮಣೆಯಿದ್ದರೆ ರೇಟಿಯ ನಾಲ್ಕು ಕಾಯಿಗಳನ್ನು ಇಟ್ಟು ನೋಡಿರಿ. ಉತ್ತರವನ್ನು ನಾನೇ ಹೇಳಿಬಿಟ್ಟಿದ್ದೇನೆ, ಚಿಂತೆಯಿಲ್ಲ. ಆ ರಾಜನನ್ನು ಸ್ವಂತ ಕೈಯಿಂದ ಓರೆಯಾಗಿ ನಡೆಸುವವರೆಗೂ ನೀವು ಅದನ್ನು ನಂಬಲಾರಿರಿ.