ಹನ್ನೆರಡು ಜೋಡಿ ಕಾಲು

ಪವಿತ್ರ ಗುರುವಾರಕ್ಕೆ ಮೂರು ವಾರ ಇರುವಾಗಲೇ ನಮ್ಮ ಚರ್ಚಿನಲ್ಲಿ ಕಾಲುಗಳಿಗೆ ಬೆಲೆ ಬರುತ್ತದೆ. ಯಾವ ಚರ್ಚು ಎಂದು ಹೇಳುವುದಿಲ್ಲ, ಓದಿದವರೆಲ್ಲ ತಮ್ಮದೇ ಅಂದುಕೊಳ್ಳಲಿ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಅಂದು ಸಂಜೆ ಫಾದರ್ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಆ ವಿನಯದ ಬೆಂಚಿನ ಮೇಲೆ ಕೂರಲು ಶಿಫಾರಸು ಬೇಕು. "ಹೋದ ವರ್ಷವೂ ಅವರೇ, ಈ ವರ್ಷವೂ ಅವರೇನಾ? ನಮ್ಮ ಯಜಮಾನರ ಕಾಲಿಗೇನು ಆಣಿ ಆಗಿದೆಯಾ?"

ಇಂಥ ಹೊತ್ತಿನಲ್ಲಿ ಧರ್ಮೋಪದೇಶ ತರಗತಿಯ ಹದಿಹರೆಯದವರಿಗೆ 'ಹೊಟ್ಟೆಕಿಚ್ಚು ಪಾಪ' ಎಂದು ಪಾಠ ಹೇಳುವ ಕೆಲಸ ನನ್ನ ತಲೆಗೆ ಬಂತು. ನಾನು ಹಾಸನ ಜಿಲ್ಲೆಯ ಬಾಗೂರಿನವನು, ಈ ವಿಷಯದಲ್ಲಿ ಅನುಭವಸ್ಥ. ಗೊರೂರಿನ ಅಣೆಕಟ್ಟಿನಲ್ಲಿ ನಿಂತ ಹೇಮಾವತಿ ಬಾಗೂರು-ನವಿಲೆ ಸುರಂಗದೊಳಗೆ ನುಸುಳಿ ತುಮಕೂರಿಗೆ ಹೋಗುತ್ತಾಳೆ. ಕಾಲ ಕೆಳಗೆ ನೀರು, ಬೊಗಸೆ ಒಡ್ಡುವವರು ಬೇರೆ. ಹೊಟ್ಟೆಕಿಚ್ಚು ನಮಗೆ ಧರ್ಮೋಪದೇಶವಲ್ಲ, ಭೂಗೋಳ.

ಯೋಸೇಫನ ಕಥೆ ತೆಗೆದೆ. ಅಪ್ಪ ಯಾಕೋಬ ಅವನೊಬ್ಬನಿಗೇ ಚೆಂದದ ನಿಲುವಂಗಿ ಮಾಡಿಸಿದ. ಅಣ್ಣಂದಿರು ಉರಿದುಹೋಗಿ ಅವನನ್ನು ಗುಂಡಿಗೆ ತಳ್ಳಿದರು, ಕೊನೆಗೆ 20 ಬೆಳ್ಳಿ ನಾಣ್ಯಕ್ಕೆ ಮಾರಿಬಿಟ್ಟರು. "ಆಗ ಅವನಿಗೆ 17 ವರ್ಷ, ನಿಮ್ಮದೇ ವಯಸ್ಸು" ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಒಬ್ಬನಿಗೇ ಅಂಗಿ ಕೊಟ್ಟಿದ್ದು ಅಪ್ಪ ತಾನೆ? ಅವರಿಗೆ ಯಾರೂ ಪಾಠ ಹೇಳ್ಲಿಲ್ವಾ?"

ಪುಟ ತಿರುವಿದೆ. ಅಲ್ಲಿ ಜೆಬೆದಾಯನ ಹೆಂಡತಿ ಕಾದು ನಿಂತಿದ್ದಳು. ನಿಮ್ಮ ರಾಜ್ಯದಲ್ಲಿ ನನ್ನ ಮಕ್ಕಳಲ್ಲಿ ಒಬ್ಬನನ್ನು ಬಲಕ್ಕೆ, ಇನ್ನೊಬ್ಬನನ್ನು ಎಡಕ್ಕೆ ಕೂರಿಸಿ ಎಂದು ಯೇಸುವನ್ನೇ ಕೇಳಿದ ತಾಯಿ ಅವಳು. ಉಳಿದ ಹತ್ತು ಶಿಷ್ಯರಿಗೆ ಸಿಟ್ಟು ಬಂತಂತೆ. ಕೇಳಿದ್ದಕ್ಕಲ್ಲ, ತಮಗಿಂತ ಮೊದಲು ಕೇಳಿದ್ದಕ್ಕೆ ಎಂಬುದು ನನ್ನ ಗುಮಾನಿ. ಆಯಮ್ಮ ಈಗಲೂ ನಮ್ಮಲ್ಲಿದ್ದಾಳೆ. ಕ್ರಿಸ್‌ಮಸ್ ನಾಟಕದಲ್ಲಿ ಮಗಳಿಗೆ ಮರಿಯಮ್ಮನ ಪಾತ್ರ ಸಿಗದೆ ಕುರಿಯ ಪಾತ್ರ ಸಿಕ್ಕರೆ ಪಾಸ್ಕದವರೆಗೆ ಸಿಸ್ಟರ್ ಜೊತೆ ಮಾತು ಬಿಡುತ್ತಾಳೆ.

ಹುಡುಗಿ ಬಿಡಲಿಲ್ಲ. "ಪಾದ ತೊಳೆಸಿಕೊಳ್ಳೋ ಆ ಹನ್ನೆರಡರಲ್ಲಿ ನಾವು ಹುಡುಗಿಯರು ಯಾಕಿಲ್ಲ ಸರ್?" 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹುಡುಗಿಯರ, ಮುಸ್ಲಿಮರ ಪಾದವನ್ನೂ ತೊಳೆದು ಮುತ್ತಿಟ್ಟರು. 2016ರಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬಹುದೆಂದು ನಿಯಮವೇ ಬದಲಾಯಿತು. ಆ ಸುದ್ದಿ ಹಾಸನದ ಬಸ್ಸು ತಪ್ಪಿಸಿಕೊಂಡಿರಬೇಕು. ಕಮಿಟಿಯ ಹಿರಿಯರನ್ನು ಕೇಳಿದರೆ, "ಮುಂದಿನ ವರ್ಷ ನೋಡೋಣ, ಈ ಸಲ ಆಗಲೇ ಹದಿನೇಳು ಜನ ಆಗಿದ್ದಾರೆ" ಎಂದರು. ಹನ್ನೆರಡಕ್ಕೆ ಹದಿನೇಳು!

ಜಿಲ್ಲೆಯಲ್ಲಿ ಪಟ್ಟಿ ನೋಡದೆ ಪಾದ ತೊಳೆಯುವವಳು ಹೇಮಾವತಿ ಒಬ್ಬಳೇ. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚಿನ ಬುಡವನ್ನು ಮಳೆಗಾಲ ಬಂದಾಗ ಹಿನ್ನೀರಿನಲ್ಲಿ ತೊಳೆಯುತ್ತಾಳೆ. ಭಕ್ತರು ಅಲ್ಲಿಂದ ಎದ್ದು ಹೋಗಿ ದಶಕಗಳಾದವು. ಮುಂದಿನ ಸಾಲಿಗೆ ಜಗಳವಿಲ್ಲದ ಚರ್ಚು ಅದೊಂದೇ ಎಂದುಕೊಂಡಿದ್ದೆ. ಈಗ ಅಲ್ಲೂ ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳ ಪೈಪೋಟಿ.

ನಮ್ಮ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಸದ್ಯ ಎರಡು ಹಾಳೆಗಳಿವೆ. ಪಾದ ತೊಳೆಸಿಕೊಳ್ಳುವವರ ಹಾಳೆಯಲ್ಲಿ ಅಂಚಿನಲ್ಲೂ ಹೆಸರು ಬರೆದಿದ್ದಾರೆ. ನೀರು ಹೊತ್ತು ತಂದು, ಟವಲ್ ಒಗೆದು, ನೆಲ ಒರೆಸುವವರ ಹಾಳೆಯಲ್ಲಿ ಇರುವುದು ಒಂದೇ ಹೆಸರು, ಆ ಹುಡುಗಿಯದು.